ದೂರದ ಕಾಲ್ನಡಿಗೆಗೆ ಹೊರಡುವ ಮುನ್ನ: ಕುಸನೂರ – ಕಮಲಾಪುರ ದಾರಿಯ ಪಾಠ

ರಜೆ ಬಂತೆಂದರೆ ಬಸ್ಸು, ರೈಲು, ಕಾರು ಹತ್ತಿ ದೂರದ ಊರು ನೋಡಿ ಬರುವುದು ನಮಗೆಲ್ಲ ಅಭ್ಯಾಸ. ಆದರೆ ಈಚಿನ ವರ್ಷಗಳಲ್ಲಿ ರಜೆಯನ್ನು ನಡೆದೇ ಕಳೆಯಬೇಕೆಂದು ಬಯಸುವವರು ಹೆಚ್ಚುತ್ತಿದ್ದಾರೆ. ಸ್ಪೇನ್ ದೇಶದ ಸಾಂತಿಯಾಗೊ ದೇ ಕೊಂಪೊಸ್ತೆಲಾ ಪಟ್ಟಣಕ್ಕೆ ಹೋಗುವ ‘ಕಾಮಿನೊ’ ದಾರಿಯನ್ನು 2024ರಲ್ಲಿ ಪೂರೈಸಿ ಹೆಸರು ನೋಂದಾಯಿಸಿದವರ ಸಂಖ್ಯೆ ಸುಮಾರು 5 ಲಕ್ಷ. ನಮ್ಮ ಕಡೆಯೂ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಕಾರವಾರ, ಬೆಳಗಾವಿ ಕಡೆಗಳಿಂದ ಹಳೆ ಗೋವಾಕ್ಕೆ ನಡೆದು ಹೋಗುವವರಿದ್ದಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ವೇಲಾಂಕಣಿಗೆ ನಡೆಯುವವರೂ ಇದ್ದಾರೆ.

ಈ ಲೇಖನದಲ್ಲಿ ನಾವು ಕರಾವಳಿಯನ್ನು ಬಿಟ್ಟು ಸ್ವಲ್ಪ ದೂರಕ್ಕೆ, ಕಲಬುರಗಿಗೆ ಹೋಗೋಣ. ಕಾರಣವಿದೆ. ದೂರ ನಡೆಯುವ ವಿದ್ಯೆಯನ್ನು ಇಂದಿಗೂ ಮರೆಯದ ಸೀಮೆ ಅದು. ಯುಗಾದಿ ಹತ್ತಿರ ಬಂದಂತೆ ಉತ್ತರ ಕರ್ನಾಟಕದ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಸೀಗಿ ಹುಣ್ಣಿಮೆಗೆ ತುಳಜಾಪುರದ ದಾರಿ, ಆಷಾಢದಲ್ಲಿ ಪಂಢರಪುರದ ದಾರಿ ಕಾಲ್ನಡಿಗೆಯವರಿಂದ ತುಂಬುತ್ತದೆ. ಇನ್ನೊಂದು ಕಾರಣ, 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯದಲ್ಲಿ ನಮ್ಮ ಕರಾವಳಿಯ ಅನೇಕ ಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಸೇವೆ ಸಲ್ಲಿಸಿದ್ದಾರೆ. ಅವರನ್ನು ಕಂಡು ಬರಲು ಹೋಗುವ ಯುವಜನರು “ಇಲ್ಲಿಂದ ಎರಡು ದಿನ ನಡೆಯೋಣವೇ?” ಎಂದು ಕೇಳಿದರೆ ಉತ್ತರ ಸಿದ್ಧವಿರಬೇಕು.

ಆ ಉತ್ತರಕ್ಕಾಗಿ ನಾವು ಒಂದು ದಾರಿಯನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ಕಲಬುರಗಿ ನಗರದ ಅಂಚಿನಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಸಮೀಪ ಇರುವ ಕುಸನೂರಿನಿಂದ ಹೊರಟು, ರಿಂಗ್ ರಸ್ತೆಯ ಮೂಲಕ ಹುಮನಾಬಾದ್ ರಸ್ತೆ ಸೇರಿ, ಮಹಾಗಾಂವ ಕ್ರಾಸ್ ದಾಟಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ತಲುಪುವುದು. ಒಟ್ಟು ಹತ್ತಿರ ಹತ್ತಿರ 40 ಕಿಲೋಮೀಟರ್. ಎರಡು ದಿನದ ನಡಿಗೆ. ಹತ್ತು ದಿನದ ಯಾತ್ರೆಗೆ ಹೋಗುವವರಿಗೂ ಇದೊಂದು ಒಳ್ಳೆಯ ಪರೀಕ್ಷೆ. ಇಲ್ಲಿ ಕಲಿತದ್ದು ಗೋವಾಕ್ಕೂ ಸಲ್ಲುತ್ತದೆ, ಸ್ಪೇನಿಗೂ ಸಲ್ಲುತ್ತದೆ.

ಮೊದಲೇ ಒಂದು ಮಾತು. ನಡಿಗೆಯ ಸಿದ್ಧತೆ ಎಂದ ಕೂಡಲೇ ಏನೇನು ಕೊಳ್ಳಬೇಕು ಎಂದು ಪಟ್ಟಿ ಮಾಡಲು ಕುಳಿತುಕೊಳ್ಳುತ್ತೇವೆ. ಆದರೆ ನಡಿಗೆ ಅರ್ಧದಲ್ಲಿ ನಿಲ್ಲುವುದು ಸಾಮಾನು ಸಾಲದೆ ಅಲ್ಲ. ಕಾಲಲ್ಲಿ ಬೊಕ್ಕೆ ಎದ್ದು, ಮೈಯ ನೀರು ಆರಿ, ಬೆನ್ನ ಮೇಲಿನ ಹೊರೆ ಮೀರಿ ನಿಲ್ಲುತ್ತದೆ. ಈ ಮೂರಕ್ಕೂ ಮದ್ದು ಅಂಗಡಿಯಲ್ಲಿಲ್ಲ. ಮನೆಯಲ್ಲೇ, ಹೊರಡುವ ಎರಡು ತಿಂಗಳ ಮುಂಚೆ ಇದೆ.

ಯಾವಾಗ ಹೊರಡಬೇಕು?

ಕರಾವಳಿಯವರು ಕಲಬುರಗಿಯ ಬಿಸಿಲನ್ನು ತಪ್ಪಾಗಿ ಅಳೆಯುವುದು ಹೆಚ್ಚು. ಮಂಗಳೂರಿನಲ್ಲಿ ಉಷ್ಣಾಂಶ 34 ಡಿಗ್ರಿ ಆದರೂ ಗಾಳಿಯಲ್ಲಿ ತೇವ ಇರುವುದರಿಂದ ಬೆವರು ಆರುವುದಿಲ್ಲ. ಅಂಗಿ ಒದ್ದೆಯಾಗುತ್ತದೆ, ಬೆವರಿದ್ದೇವೆ ಎಂದು ಕೂಡಲೇ ಗೊತ್ತಾಗುತ್ತದೆ, ನೀರು ಕುಡಿಯುತ್ತೇವೆ. ಕಲಬುರಗಿಯದು ಒಣ ಗಾಳಿ. ಬೆವರು ಬಂದಂತೆಯೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ. “ನನಗೆ ಬೆವರೇ ಬರಲಿಲ್ಲ, ಇಲ್ಲಿಯ ಹವೆ ಹಿತವಾಗಿದೆ” ಎಂದುಕೊಂಡು ನಡೆಯುವವರ ಮೈಯಿಂದ ಗಂಟೆಗೆ ಅರ್ಧ ಲೀಟರಿಗೂ ಮಿಕ್ಕಿ ನೀರು ಹೋಗಿರುತ್ತದೆ. ಅಪಾಯ ಇರುವುದು ಇಲ್ಲಿಯೇ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಬೇಸಗೆಯಲ್ಲಿ ಈ ಭಾಗದ ಸರಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಪದ್ಧತಿ ಇದೆ. ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೇ ಇಷ್ಟು ಎಚ್ಚರಿಕೆ ಬೇಕಾದರೆ, ಡಾಂಬರು ರಸ್ತೆಯಲ್ಲಿ ನಡೆಯುವವರಿಗೆ ಎಷ್ಟು ಬೇಕು? ಹಾಗಾಗಿ ನಮ್ಮ ಶಾಲಾ ಮಕ್ಕಳ ದೊಡ್ಡ ರಜೆ ಬೇಸಗೆಯಲ್ಲೇ ಬಂದರೂ ಈ ಸೀಮೆಯ ನಡಿಗೆಗೆ ಅದು ಕಾಲವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಇಲ್ಲಿಯದು ಎರೆಮಣ್ಣು. ಒದ್ದೆಯಾದರೆ ಪ್ರತಿ ಹೆಜ್ಜೆಗೂ ಮುದ್ದೆ ಮುದ್ದೆಯಾಗಿ ಪಾದರಕ್ಷೆಗೆ ಅಂಟಿಕೊಳ್ಳುತ್ತದೆ. ರಸ್ತೆ ಬಿಟ್ಟು ಬದಿಗೆ ಇಳಿಯುವುದೇ ಕಷ್ಟ. ನವೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗಿನ ಮೂರು ತಿಂಗಳು ಉತ್ತಮ. ತೊಗರಿ ಹೊಲಗಳು ನೋಡಲು ಸಿಗುವುದೂ ಆಗಲೇ. ಕ್ರಿಸ್ಮಸ್ ನಂತರದ ದಿನಗಳು ಧರ್ಮಕೇಂದ್ರದ ಯುವಜನರಿಗೂ ಅನುಕೂಲ.

ಆದರೆ ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿಲು ಬಿಸಿಲೇ. ಕರಾವಳಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಇಳಿದು ಅಲ್ಲಿಂದಲೇ ನಡೆಯಲು ಶುರು ಮಾಡಬಾರದು. ಒಂದು ಪೂರ್ತಿ ದಿನ ವಿಶ್ರಾಂತಿ ಬೇಕು. ದೇಹವು ಹೊಸ ಬಿಸಿಲಿಗೆ ಚೆನ್ನಾಗಿ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅಷ್ಟು ಸಮಯ ಇಲ್ಲದವರು ನಡಿಗೆಯ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳಬೇಕು.

ಎಂಟು ವಾರದ ಅಭ್ಯಾಸ

40 ಕಿಲೋಮೀಟರ್ ಎಂದರೆ ಎಷ್ಟು? ಒಂದು ಹೆಜ್ಜೆಗೆ ಮುಕ್ಕಾಲು ಮೀಟರ್ ಎಂದು ಲೆಕ್ಕ ಹಾಕಿದರೆ ಸುಮಾರು 53 ಸಾವಿರ ಹೆಜ್ಜೆ. ಬೈಕಿನಲ್ಲಿ ಇಗರ್ಜಿಗೆ ಬಂದು ಬೈಕಿನಲ್ಲೇ ಮನೆಗೆ ಹೋಗುವ ಕಾಲುಗಳಿಗೆ ಇದು ಒಮ್ಮೆಲೇ ಸಾಧ್ಯವಿಲ್ಲ. ನಾವು ಸೂಚಿಸುವ ಕ್ರಮ ಹೀಗಿದೆ:

1. ಮೊದಲ ಎರಡು ವಾರ: ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ. ಬೆನ್ನ ಮೇಲೆ ಏನೂ ಬೇಡ.

2. ಮೂರು ಮತ್ತು ನಾಲ್ಕನೆಯ ವಾರ: ವಾರದ ದಿನಗಳಲ್ಲಿ ಒಂದು ಗಂಟೆ. ಭಾನುವಾರ ಪೂಜೆ ಮುಗಿದ ಮೇಲೆ 8 ಕಿ.ಮೀ.

3. ಐದು ಮತ್ತು ಆರನೆಯ ವಾರ: ಭಾನುವಾರದ ನಡಿಗೆ 12ರಿಂದ 15 ಕಿ.ಮೀ. ಈಗ ಚೀಲ ಹಾಕಿಕೊಳ್ಳಬೇಕು, ಅರ್ಧ ತೂಕದೊಂದಿಗೆ.

4. ಏಳನೆಯ ವಾರ: ಶನಿವಾರ 15 ಕಿ.ಮೀ., ಮರುದಿನ ಭಾನುವಾರ ಪುನಃ 12 ಕಿ.ಮೀ. ಪೂರ್ತಿ ತೂಕದ ಚೀಲ, ಯಾತ್ರೆಗೆ ಹಾಕುವ ಅದೇ ಶೂ, ಅದೇ ಕಾಲುಚೀಲ, ಅದೇ ಬಟ್ಟೆ.

5. ಎಂಟನೆಯ ವಾರ: ವಿಶ್ರಾಂತಿ. ಬೆಳಿಗ್ಗೆ ಅರ್ಧ ಗಂಟೆ ಮಾತ್ರ.

ಇದರಲ್ಲಿ ಏಳನೆಯ ವಾರವೇ ಮುಖ್ಯ. ಒಂದು ದಿನ 20 ಕಿ.ಮೀ. ನಡೆಯುವುದು ಆರೋಗ್ಯವಂತರಿಗೆ ದೊಡ್ಡದಲ್ಲ. ನಿನ್ನೆ ನಡೆದ ಕಾಲಿನಿಂದ ಇಂದು ಪುನಃ ಏಳುವುದೇ ದೂರದ ನಡಿಗೆಯ ನಿಜವಾದ ಪರೀಕ್ಷೆ. ಮೊದಲ ದಿನ ಹುರುಪಿನಿಂದ ಓಡುವವರು ಎರಡನೆಯ ದಿನ ಹಿಂದುಳಿಯುವುದನ್ನು ಎಲ್ಲ ಯಾತ್ರೆಗಳಲ್ಲೂ ಕಾಣಬಹುದು. ಆಳಂದಿಯಿಂದ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರರ ಪಾಲಕಿ ಸುಮಾರು 250 ಕಿ.ಮೀ. ದಾರಿಗೆ ಹೆಚ್ಚು ಕಡಿಮೆ ಮೂರು ವಾರ ತೆಗೆದುಕೊಳ್ಳುತ್ತದೆ. ಸರಾಸರಿ ದಿನಕ್ಕೆ 12 ಕಿ.ಮೀ. ಮುದುಕರು, ಹೆಂಗಸರು, ಮಕ್ಕಳು ಎಲ್ಲರೂ ಒಟ್ಟಿಗೆ ತಲುಪುವುದಕ್ಕೆ ಆ ನಿಧಾನವೂ ಒಂದು ಕಾರಣ.

ಕಾಲು ಮೊದಲು, ಶೂ ಆಮೇಲೆ

ಬೊಕ್ಕೆ ಏಳುವುದು ಹೇಗೆ? ಚರ್ಮದ ಮೇಲ್ಪದರ ಒಂದು ಕಡೆಗೆ, ಒಳಪದರ ಇನ್ನೊಂದು ಕಡೆಗೆ ಮತ್ತೆ ಮತ್ತೆ ಎಳೆಯಲ್ಪಟ್ಟಾಗ ಇವೆರಡರ ನಡುವೆ ಬಿರುಕು ಉಂಟಾಗಿ ಅಲ್ಲಿ ನೀರು ತುಂಬಿಕೊಳ್ಳುತ್ತದೆ. ತೇವ ಇದ್ದರೆ ಚರ್ಮ ಮೆತ್ತಗಾಗಿ ಇದು ಬೇಗ ಆಗುತ್ತದೆ. ಆದ್ದರಿಂದ ನಮ್ಮ ಕೆಲಸ ಎರಡು: ಉಜ್ಜುವುದನ್ನು ತಡೆಯುವುದು, ಕಾಲನ್ನು ಒಣಗಿಸಿಡುವುದು.

ಶೂವನ್ನು ಸಂಜೆಯ ಹೊತ್ತು ಕೊಳ್ಳಬೇಕು. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಯಾತ್ರೆಯಲ್ಲೂ ಹಾಗೆಯೇ ಊದುತ್ತದೆ. ಬೆರಳ ತುದಿಗೂ ಶೂವಿನ ಮೂತಿಗೂ ನಡುವೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ಹೊಸ ಶೂ ಹಾಕಿಕೊಂಡು ಯಾತ್ರೆ ಹೊರಡುವುದು ಎಂದಿಗೂ ಬೇಡ. ಕನಿಷ್ಠ 80ರಿಂದ 100 ಕಿ.ಮೀ. ಅಭ್ಯಾಸದಲ್ಲಿ ತುಳಿದಿರಬೇಕು. ದುಬಾರಿ ಬೆಟ್ಟ ಹತ್ತುವ ಬೂಟು ಈ ಸಮತಟ್ಟು ದಾರಿಗೆ ಅಗತ್ಯವಿಲ್ಲ. ಹಗುರವಾದ, ಗಾಳಿಯಾಡುವ, ಅಟ್ಟೆ ಸವೆಯದ ಓಟದ ಶೂ ಸಾಕು. ಜೊತೆಗೆ ಸಂಜೆ ಹಾಕಿಕೊಳ್ಳಲು ಹಗುರ ಚಪ್ಪಲಿ ಒಂದು ಜೊತೆ.

ಕಾಲುಚೀಲ ಪೂರ್ತಿ ಹತ್ತಿಯದ್ದಾದರೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಆಟಗಾರರು ಹಾಕುವ, ಬೇಗ ಒಣಗುವ ನೂಲಿನ ಕಾಲುಚೀಲ ಮೂರು ಜೊತೆ ಬೇಕು. ಒಂದು ಕಾಲಲ್ಲಿ, ಒಂದು ಚೀಲದ ಹೊರಗೆ ಪಿನ್ನು ಹಾಕಿ ಒಣಗಲು, ಒಂದು ರಾತ್ರಿಗೆ. ಎರಡು ಗಂಟೆಗೊಮ್ಮೆ ಕುಳಿತು ಶೂ ಬಿಚ್ಚಿ, ಕಾಲಿಗೆ ಗಾಳಿ ತೋರಿಸಿ, ಕಾಲುಚೀಲ ಬದಲಾಯಿಸಬೇಕು. ಇದನ್ನು ಸಮಯ ಹಾಳು ಎಂದು ತಿಳಿಯಬಾರದು.

ಮೆಡಿಕಲ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಪೇಪರ್ ಟೇಪ್ (ಬ್ಯಾಂಡೇಜಿಗೆ ಅಂಟಿಸುವ ಬಿಳಿ ಕಾಗದದ ಟೇಪು) ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ. ಮರುಭೂಮಿಗಳಲ್ಲಿ ನೂರಾರು ಕಿಲೋಮೀಟರ್ ಓಡುವವರ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಈ ಟೇಪು ಅಂಟಿಸಿಕೊಂಡ ಭಾಗಗಳಲ್ಲಿ ಬೊಕ್ಕೆ ಏಳುವುದು ಸುಮಾರು ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಅಭ್ಯಾಸದ ವಾರಗಳಲ್ಲಿ ಕಾಲಿನ ಯಾವ ಜಾಗ ಕೆಂಪಾಗುತ್ತದೆ ಎಂದು ನೋಡಿಟ್ಟುಕೊಂಡು, ಹೊರಡುವ ಬೆಳಿಗ್ಗೆ ಅಲ್ಲಿಗೆ ಒಂದೇ ಪದರ ಅಂಟಿಸಿದರೆ ಸಾಕು. ತೊಡೆ ಉಜ್ಜುವವರು ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಬಹುದು. ಉಗುರನ್ನು ಮೂರು ದಿನ ಮುಂಚೆಯೇ ನೇರವಾಗಿ ಕತ್ತರಿಸಿರಬೇಕು.

ಬೊಕ್ಕೆ ಎದ್ದೇ ಬಿಟ್ಟರೆ? ಸಣ್ಣದಾದರೆ ಮುಟ್ಟದೆ ಮುಚ್ಚಿಡಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಸೋಪಿನಿಂದ ತೊಳೆದು, ಶುದ್ಧ ಮಾಡಿದ ಸೂಜಿಯಿಂದ ಬದಿಯಲ್ಲಿ ಚುಚ್ಚಿ ನೀರು ಬಿಡಿ. ಮೇಲಿನ ಚರ್ಮವನ್ನು ಕೀಳಬೇಡಿ, ಅದೇ ಒಳ್ಳೆಯ ಬ್ಯಾಂಡೇಜು. ಸಕ್ಕರೆ ಕಾಯಿಲೆ ಇರುವವರು ಮಾತ್ರ ತಾವಾಗಿ ಚುಚ್ಚಿಕೊಳ್ಳಲೇಬಾರದು.

ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತವರೂ ಇರುತ್ತಾರೆ. ಅವರ ಭಕ್ತಿಯನ್ನು ಗೌರವಿಸೋಣ. ಆದರೆ ಬೇಸಗೆಯ ನಡುಮಧ್ಯಾಹ್ನ ಡಾಂಬರಿನ ಮೇಲ್ಮೈ 60 ಡಿಗ್ರಿಯನ್ನೂ ಮುಟ್ಟಬಲ್ಲದು, ಅದು ಸುಡುವ ಬಿಸಿ. ಹರಕೆಯವರು ಬೆಳಗಿನ ಜಾವ, ಸಂಜೆ ಮಾತ್ರ ನಡೆಯಲಿ.

ಚೀಲವನ್ನು ತಕ್ಕಡಿಯಲ್ಲಿಡಿ

ಕಾಮಿನೊ ದಾರಿಯವರು ಪಾಲಿಸುವ ಒಂದು ಸುಲಭ ಲೆಕ್ಕವಿದೆ: ಚೀಲದ ತೂಕ ಮೈತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದು. 60 ಕಿಲೋ ತೂಗುವವರಿಗೆ 6 ಕಿಲೋ. ಇದರಲ್ಲಿ ಏನೇನು ಹಿಡಿಸಬಹುದು ಎಂದು ನೋಡೋಣ:

ಖಾಲಿ ಚೀಲ – 700 ಗ್ರಾಂ
ಬದಲಿ ಬಟ್ಟೆ ಒಂದು ಜೊತೆ, ಕಾಲುಚೀಲಗಳು – 700 ಗ್ರಾಂ
ಹೊದಿಕೆ ಅಥವಾ ಶಾಲು – 400 ಗ್ರಾಂ
ಚಪ್ಪಲಿ – 300 ಗ್ರಾಂ
ಬೈರಾಸು, ಸೋಪು, ಹಲ್ಲುಜ್ಜುವ ಸಾಮಾನು – 300 ಗ್ರಾಂ
ಔಷಧ, ಟೇಪು, ಸೂಜಿ – 200 ಗ್ರಾಂ
ಫೋನು, ಚಾರ್ಜರು, ಟಾರ್ಚು – 400 ಗ್ರಾಂ
ಬುತ್ತಿ – 1 ಕಿಲೋ
ನೀರು 2 ಲೀಟರ್ – 2 ಕಿಲೋ

ಒಟ್ಟು ಸರಿಯಾಗಿ 6 ಕಿಲೋ. ಮೂರನೇ ಒಂದು ಭಾಗ ನೀರೇ ಆಯಿತು ಎಂಬುದನ್ನು ಗಮನಿಸಿ. ಎರಡು ಪ್ಯಾಂಟು, ನಾಲ್ಕು ಅಂಗಿ, ದಪ್ಪ ಟರ್ಕಿ ಟವೆಲು, ದೊಡ್ಡ ಶಾಂಪೂ ಬಾಟಲಿ, “ಇರಲಿ” ಎಂದು ತುಂಬಿದ ಇನ್ನೂ ನಾಲ್ಕು ವಸ್ತು ಸೇರಿದರೆ ಚೀಲ 9 ಕಿಲೋ ಆಗುವುದು ಕಷ್ಟವಲ್ಲ. ಹಾಗೆ ಆದಾಗ ಜನ ಮೊದಲು ಕಡಿಮೆ ಮಾಡುವುದು ನೀರನ್ನು! ಇದೇ ದೊಡ್ಡ ತಪ್ಪು. ಕಡಿಮೆ ಮಾಡಬೇಕಾದ್ದು ಬಟ್ಟೆಯನ್ನು. ಸಂಜೆ ತಲುಪಿದ ಕೂಡಲೇ ಒಂದು ಜೊತೆ ಒಗೆದು ಹಾಕಿದರೆ ಕಲಬುರಗಿಯ ಒಣ ಗಾಳಿಗೆ ಅದು ಬೆಳಗಾಗುವುದರೊಳಗೆ ಒಣಗಿರುತ್ತದೆ. ಒಗೆದ ಬಟ್ಟೆ ಮೂರು ದಿನ ಕಳೆದರೂ ಒಣಗದ ನಮ್ಮ ಊರಿನ ಮಳೆಗಾಲದ ಅನುಭವ ಇಲ್ಲಿಗೆ ಅನ್ವಯಿಸುವುದಿಲ್ಲ.

ನಾವು ಸೂಚಿಸುವ ಒಂದು ಉಪಾಯ ಹೀಗಿದೆ. ಹೊರಡುವ ವಾರದ ಮುಂಚೆ ಗುಂಪಿನವರೆಲ್ಲ ತುಂಬಿದ ಚೀಲದೊಂದಿಗೆ ಧರ್ಮಕೇಂದ್ರದ ಸಭಾಂಗಣಕ್ಕೆ ಬರಲಿ. ಒಂದು ತೂಕದ ಯಂತ್ರ ಇಟ್ಟು ಎಲ್ಲರೆದುರು ತೂಗಲಿ. ಹೆಚ್ಚಾದವರು ಅಲ್ಲೇ ಚೀಲ ಬಿಚ್ಚಿ ತೆಗೆದಿಡಲಿ. ನಗುವಿಗೂ ಕಾರಣವಾಗುತ್ತದೆ, ಪಾಠವೂ ಆಗುತ್ತದೆ. ಗುಂಪಿಗೆ ಒಂದೇ ಸಾಕಾಗುವ ಕತ್ತರಿ, ಔಷಧ ಪೆಟ್ಟಿಗೆ, ದೊಡ್ಡ ಟಾರ್ಚು, ಹಗ್ಗ ಮೊದಲಾದವನ್ನು ಹಂಚಿಕೊಂಡು ಹೊರಬಹುದು.

ತುಂಬುವ ಕ್ರಮವೂ ಮುಖ್ಯ. ಭಾರದ ವಸ್ತುಗಳು ಬೆನ್ನಿಗೆ ಹತ್ತಿರವಾಗಿ, ಚೀಲದ ನಡುಭಾಗದಲ್ಲಿ ಇರಲಿ. ಹೊದಿಕೆ ಅಡಿಯಲ್ಲಿ. ಟೇಪು, ನೀರು, ತಿಂಡಿ ಕೈಗೆ ಸಿಗುವಂತೆ ಬದಿಯ ಜೇಬಿನಲ್ಲಿ. ಬಟ್ಟೆಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದರೆ ಅಕಾಲ ಮಳೆಗೂ ಹೆದರಬೇಕಾಗಿಲ್ಲ. ಆಧಾರ್ ಕಾರ್ಡಿನ ಪ್ರತಿ, ಮನೆಯವರ ಫೋನ್ ನಂಬರು, ರಕ್ತದ ಗುಂಪು ಬರೆದ ಒಂದು ಚೀಟಿಯನ್ನು ಎಲ್ಲರೂ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಫೋನಿನಲ್ಲಿ ಇದ್ದರೆ ಸಾಲದು, ಫೋನು ಸತ್ತಿರಬಹುದು.

ಬುತ್ತಿ ಮತ್ತು ನೀರು

ಬುತ್ತಿಯ ವಿಷಯದಲ್ಲಿ ನಾವು ಕಲಬುರಗಿಯವರಿಂದ ಕಲಿಯಬೇಕು. ನಮ್ಮ ಗಂಜಿ, ಇಡ್ಲಿ, ಮೀನುಸಾರು ಮನೆಯಲ್ಲಿ ಎಷ್ಟೇ ರುಚಿಯಾದರೂ ಚೀಲದಲ್ಲಿ ಅರ್ಧ ದಿನಕ್ಕೆ ಹಳಸುತ್ತವೆ. ಅಲ್ಲಿಯವರ ಖಡಕ್ ಜೋಳದ ರೊಟ್ಟಿಯಲ್ಲಿ ನೀರಿನ ಅಂಶವೇ ಇಲ್ಲವಾದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ, ಹಗುರ, ತೆಳ್ಳಗೆ ಒಂದರ ಮೇಲೊಂದು ಇಡಬಹುದು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಇವು ಪುಡಿಯಾದ್ದರಿಂದ ಚೆಲ್ಲುವ ಭಯವಿಲ್ಲ. ಶೇಂಗಾದಲ್ಲಿ ಎಣ್ಣೆ ಮತ್ತು ಪ್ರೋಟೀನು, ಹಿಂಡಿಯಲ್ಲಿ ಉಪ್ಪು, ಜೋಳದಲ್ಲಿ ನಿಧಾನವಾಗಿ ಕರಗುವ ಶಕ್ತಿ. ನಡೆಯುವವರಿಗೆ ಬೇಕಾದ್ದೆಲ್ಲ ಇದರಲ್ಲಿದೆ. ಸಿಹಿ ಬೇಕೆನ್ನುವವರಿಗೆ ಶೇಂಗಾ ಹೋಳಿಗೆ ಇದೆ, ಅದೂ ಹಲವು ದಿನ ಇರುತ್ತದೆ. ಕಲಬುರಗಿ ಪೇಟೆಯಲ್ಲಿ ಇವೆಲ್ಲ ಸಿದ್ಧವಾಗಿಯೇ ಸಿಗುತ್ತವೆ. ಕರಾವಳಿಯಿಂದ ಹೊತ್ತೊಯ್ಯುವ ಅಗತ್ಯವಿಲ್ಲ.

ಖಡಕ್ ರೊಟ್ಟಿಗೆ ಒಂದೇ ಕೊರತೆ: ತಿಂದ ಮೇಲೆ ನೀರು ಹೆಚ್ಚು ಬೇಕು. ಬೆಳಿಗ್ಗೆ ಹೊರಡುವ ಮುಂಚೆ ಎರಡು ಲೋಟ ನೀರು ಕುಡಿಯಿರಿ. ನಡೆಯುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಒಮ್ಮೆಲೇ ಅಲ್ಲ, 15-20 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನ ಅಂಶ ಕಡಿಮೆಯಾಗಿ ಅದೂ ಅಪಾಯ. ಆದ್ದರಿಂದ ದಿನಕ್ಕೆ ಒಂದೆರಡು ಓ.ಆರ್.ಎಸ್. ಪೊಟ್ಟಣ ಬಳಸಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೂ ಒಳ್ಳೆಯದೇ.

ನೀರು ಸಾಕೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿದರೆ ಸಾಕು. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿಯಾಗಿ, ನಾಲ್ಕು ಗಂಟೆಯಾದರೂ ಮೂತ್ರ ಬಾರದಿದ್ದರೆ ನೆರಳಿನಲ್ಲಿ ಕೂರಬೇಕು. ಮೂತ್ರಕ್ಕೆ ಹೋಗಲು ಸ್ಥಳ ಇಲ್ಲವೆಂದು ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುವುದು ಎಲ್ಲೆಡೆ ನಡೆಯುತ್ತದೆ. ಇದನ್ನು ಸಂಘಟಕರು ಮೊದಲೇ ಯೋಚಿಸಬೇಕು. ದಾರಿಯ ಪೆಟ್ರೋಲ್ ಬಂಕು, ಬಸ್ ನಿಲ್ದಾಣ, ಶಾಲೆಗಳನ್ನು ಗುರುತಿಸಿ, ಎರಡು ಗಂಟೆಗೊಂದು ಶೌಚಾಲಯ ಸಿಗುವಂತೆ ನಿಲುಗಡೆ ಹಾಕಿಕೊಳ್ಳಬೇಕು. ಪೆಟ್ರೋಲ್ ಬಂಕುಗಳು ಶೌಚಾಲಯ ಮತ್ತು ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಗುಂಪಿನಲ್ಲಿ ಒಬ್ಬ ಹಿರಿಯ ಮಹಿಳೆ ಅಥವಾ ಧರ್ಮಭಗಿನಿ ಇದ್ದರೆ ಹುಡುಗಿಯರು ಹೇಳಿಕೊಳ್ಳಲು ಸಂಕೋಚಪಡುವುದಿಲ್ಲ.

ಯಾರು ವೈದ್ಯರನ್ನು ಕೇಳಿ ಹೊರಡಬೇಕು?

ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆ ಇಲ್ಲದೆ ಹೊರಡಬಾರದು. ಸಕ್ಕರೆ ಕಾಯಿಲೆಯವರಿಗೆ ಎರಡು ಅಪಾಯ. ಒಂದು, ದೂರ ನಡೆದಾಗ ರಕ್ತದ ಸಕ್ಕರೆ ತಟ್ಟನೆ ಇಳಿಯಬಹುದು. ಗ್ಲುಕೋಸ್ ಅಥವಾ ಸಕ್ಕರೆ ಜೇಬಿನಲ್ಲೇ ಇರಬೇಕು, ಮಾತ್ರೆ ಮತ್ತು ಇನ್ಸುಲಿನ್ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿರಬೇಕು. ಎರಡು, ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ಗೊತ್ತಾಗುವುದಿಲ್ಲ. ಅವರು ಪ್ರತಿ ನಿಲುಗಡೆಯಲ್ಲೂ ಕಾಲಡಿಯನ್ನು ಕಣ್ಣಿನಿಂದ ನೋಡಬೇಕು ಅಥವಾ ಬೇರೆಯವರಿಂದ ನೋಡಿಸಬೇಕು.

ಬಿಸಿಲಿನ ಹೊಡೆತದ ಲಕ್ಷಣಗಳನ್ನು ಗುಂಪಿನ ಎಲ್ಲರೂ ತಿಳಿದಿರಬೇಕು. ತಲೆನೋವು, ವಾಂತಿ, ಸ್ನಾಯು ಹಿಡಿಯುವುದು ಮೊದಲ ಸೂಚನೆ. ಆಗ ನೆರಳು, ವಿಶ್ರಾಂತಿ, ಓ.ಆರ್.ಎಸ್. ಸಾಕು. ಆದರೆ ಒಬ್ಬರು ಅಸಂಬದ್ಧವಾಗಿ ಮಾತನಾಡತೊಡಗಿದರೆ, ತೂರಾಡಿದರೆ, ಮೈ ಕಾದ ಹೆಂಚಿನಂತಾದರೆ ಅದು ಜೀವಕ್ಕೆ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಆ ಕ್ಷಣದಲ್ಲಿ ಕುಡಿಯುವ ನೀರು ಉಳಿಸಬೇಕೆಂದು ಯೋಚಿಸಬೇಡಿ.

ಹಳ್ಳಿಯ ದಾರಿಯಲ್ಲಿ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಬೇಕು. “ಯಾತ್ರೆ ಮುಗಿಸಿ ನೋಡೋಣ” ಎನ್ನುವ ವಿಷಯ ಇದಲ್ಲ.

ರಸ್ತೆಯ ಮೇಲೆ

ನಡೆಯುವವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ವಾಹನ. ಹುಮನಾಬಾದ್ ರಸ್ತೆ ಲಾರಿ, ಬಸ್ಸುಗಳು ವೇಗವಾಗಿ ಓಡುವ ಹೆದ್ದಾರಿ. ಪಾದಚಾರಿ ದಾರಿ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಕೈ ಕೈ ಹಿಡಿದು ಸಾಲಾಗಿ ರಸ್ತೆ ತುಂಬ ನಡೆಯುವುದು, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು, ರಸ್ತೆ ಮಧ್ಯೆ ನಿಂತು ಸೆಲ್ಫಿ ತೆಗೆಯುವುದು ಬೇಡವೇ ಬೇಡ. ಹೆದ್ದಾರಿ ಬಿಟ್ಟು ಹೊಲದ ಬದಿಯ ಬಂಡಿದಾರಿ ಸಿಕ್ಕಿದಲ್ಲಿ ಊರವರನ್ನು ಕೇಳಿ ಅದನ್ನೇ ಹಿಡಿಯಿರಿ.

ಚಳಿಗಾಲದಲ್ಲಿ ಬೆಳಿಗ್ಗೆ ಆರೂವರೆಗೆ, ಬೆಳಕು ಹರಿದ ಮೇಲೆ ಹೊರಟು ಗಂಟೆಗೆ 4 ಕಿ.ಮೀ. ವೇಗದಲ್ಲಿ, ಗಂಟೆಗೊಮ್ಮೆ 10 ನಿಮಿಷ ವಿಶ್ರಾಂತಿ ಪಡೆದು ನಡೆದರೆ 20 ಕಿ.ಮೀ. ದಾರಿ ಸುಮಾರು ಹನ್ನೆರಡೂವರೆಗೆ ಮುಗಿಯುತ್ತದೆ. ಶ್ರೀಶೈಲದ ಯಾತ್ರಿಕರು ಬೇಸಗೆಯ ಬಿಸಿಲಿನಲ್ಲಿ ಹೊರಡುವುದರಿಂದ ಹಗಲು ಮರದ ನೆರಳಿನಲ್ಲಿ ಮಲಗಿ, ತಂಪು ಹೊತ್ತಿನಲ್ಲಿ ನಡೆಯುತ್ತಾರೆ. ಅವರು ದೊಡ್ಡ ಗುಂಪಿನವರು, ದಾರಿ ಬಲ್ಲವರು. ಹೊಸಬರಾದ ನಾವು ಕತ್ತಲಲ್ಲಿ ಹೆದ್ದಾರಿ ತುಳಿಯದಿರುವುದೇ ಒಳ್ಳೆಯದು. ಅನಿವಾರ್ಯವಾದರೆ ಬೆಳಕಿಗೆ ಹೊಳೆಯುವ ಪಟ್ಟಿ ಇರುವ ಮೇಲಂಗಿ ಎಲ್ಲರಿಗೂ, ಮುಂದಿನವರ ಕೈಯಲ್ಲಿ ಬಿಳಿ ಟಾರ್ಚು, ಹಿಂದಿನವರ ಕೈಯಲ್ಲಿ ಕೆಂಪು ದೀಪ ಇರಲೇಬೇಕು. ತುರ್ತು ಸಹಾಯಕ್ಕೆ 112.

ಗುಂಪಿನ ನಾಯಕರಿಗೆ

ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ ಎಂದು ಮೊದಲೇ ನಿಶ್ಚಯವಾಗಲಿ. ಕೊನೆಯವರನ್ನು ದಾಟಿ ಯಾರೂ ಹಿಂದೆ ಉಳಿಯಬಾರದು. ಗುಂಪಿನ ವೇಗ ನಿಧಾನವಾಗಿ ನಡೆಯುವವರ ವೇಗವೇ ಆಗಬೇಕು. ಹಿಂದಿನವರು ಬಂದು ಮುಟ್ಟಿದ ಕೂಡಲೇ ಮುಂದಿನವರು ಎದ್ದು ಹೊರಡುವುದು ಸಾಮಾನ್ಯ ತಪ್ಪು. ವಿಶ್ರಾಂತಿ ಹೆಚ್ಚು ಬೇಕಾದವರಿಗೆ ವಿಶ್ರಾಂತಿಯೇ ಸಿಗದೆ ಹೋಗುತ್ತದೆ. ಕೊನೆಯವರು ಕುಳಿತ ಮೇಲೆ ಹತ್ತು ನಿಮಿಷ ಎಣಿಸಿ.

ರಾತ್ರಿ ತಂಗುವ ಸ್ಥಳವನ್ನು ಮೊದಲೇ ಮಾತಾಡಿ, ಲಿಖಿತ ಒಪ್ಪಿಗೆ ಪಡೆದಿರಬೇಕು. ಅಪ್ರಾಪ್ತ ವಯಸ್ಕರಿದ್ದರೆ ಹೆತ್ತವರ ಒಪ್ಪಿಗೆ ಪತ್ರ ಕಡ್ಡಾಯ. ಒಂದು ವಾಹನ ಹಿಂದಿನಿಂದ ಬರುವ ವ್ಯವಸ್ಥೆ ಇದ್ದರೆ ಉತ್ತಮ. ಅದು ಚೀಲ ಹೊರುವುದಕ್ಕಿಂತ ಮುಖ್ಯವಾಗಿ, ಸೋತವರನ್ನು ನಾಚಿಕೆ ಇಲ್ಲದೆ ಹತ್ತಿಸಿಕೊಳ್ಳುವುದಕ್ಕೆ. ವಾಹನ ಇಲ್ಲದಿದ್ದರೂ ಈ ದಾರಿಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಓಡಾಡುತ್ತವೆ. ಮೊದಲ ದೂರದ ನಡಿಗೆಗೆ ಬಸ್ಸಿರುವ ದಾರಿಯನ್ನೇ ಆರಿಸಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. “ಇಲ್ಲಿಗೆ ಸಾಕು” ಎನ್ನುವ ಸ್ವಾತಂತ್ರ್ಯ ಇದ್ದಾಗ ಯಾರೂ ನೋವನ್ನು ಮುಚ್ಚಿಡುವುದಿಲ್ಲ. ಹೇಳದೆ ಮುಚ್ಚಿಟ್ಟ ಸಣ್ಣ ನೋವೇ ಮರುದಿನ ದೊಡ್ಡದಾಗುವುದು.

ದಾರಿಯಲ್ಲಿ ಎದುರಾಗುವವರೊಂದಿಗೆ ಹೇಗಿರಬೇಕು ಎಂಬುದೂ ಸಿದ್ಧತೆಯ ಭಾಗವೇ. ಯಾತ್ರಿಕರಿಗೆ ದಾಸೋಹ ನಡೆಸುವುದು, ಕಾಲಿಗೆ ಎಣ್ಣೆ, ಬಿಸಿನೀರು ಕೊಡುವುದು ಈ ಸೀಮೆಯ ಹಳೆಯ ಸಂಪ್ರದಾಯ. ನಡೆದು ಬಂದವರನ್ನು “ಯಾವ ಜಾತಿ, ಯಾವ ಧರ್ಮ” ಎಂದು ಕೇಳದೆ “ಊಟ ಆಯ್ತೇನ್ರಿ?” ಎಂದು ಕೇಳುವವರು ಇಲ್ಲಿ ಬೇಕಾದಷ್ಟು ಮಂದಿ. ಅವರು ಕೊಟ್ಟದ್ದನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಹೊಲಕ್ಕೆ ಕಾಲಿಟ್ಟು ಬೆಳೆ ತುಳಿಯದಿರೋಣ, ಕೇಳದೆ ಕಡಲೆ, ತೊಗರಿ ಕೀಳದಿರೋಣ, ಪ್ಲಾಸ್ಟಿಕ್ ಬಿಸಾಡದಿರೋಣ. ನಮ್ಮ ನಂತರ ಬರುವ ಯಾತ್ರಿಕರಿಗೂ ಆ ಬಾಗಿಲು ತೆರೆದಿರಬೇಕಲ್ಲವೇ?

ಕಮಲಾಪುರ ತಲುಪಿದ ಮೇಲೆ

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ತಲುಪಿದವರು ಒಂದೊಂದು ಹಣ್ಣು ತಿಂದು ದಣಿವಾರಿಸಿಕೊಳ್ಳಲಿ. ನಡೆದು ಬಂದ ಹಸಿವಿಗೆ ಅದರಷ್ಟು ರುಚಿ ಬೇರೊಂದಿಲ್ಲ. ಆಮೇಲೆ ಬಸ್ಸು ಹತ್ತುವ ಮುನ್ನ ಗುಂಪಿನವರೆಲ್ಲ ಒಂದೆಡೆ ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು: ಚೀಲದಲ್ಲಿ ಎರಡು ದಿನ ಒಮ್ಮೆಯೂ ಮುಟ್ಟದ ವಸ್ತು ಯಾವುದು? ಬೇಕಿತ್ತು, ಇರಲಿಲ್ಲ ಎಂದು ಅನಿಸಿದ್ದು ಯಾವುದು? ಕಾಲಿನ ಯಾವ ಜಾಗ ಕೆಂಪಾಗಿದೆ? ಔಷಧ ಮತ್ತು ಟಾರ್ಚು ಬಿಟ್ಟು, ಮುಟ್ಟದ ವಸ್ತುಗಳೆಲ್ಲ ಮುಂದಿನ ಸಲ ಮನೆಯಲ್ಲೇ ಉಳಿಯಲಿ.

ಈ ಮೂರು ಉತ್ತರ ಕೈಯಲ್ಲಿದ್ದವರು ಹಳೆ ಗೋವಾದ ದಾರಿಗೋ, ವೇಲಾಂಕಣಿಯ ದಾರಿಗೋ, ದೇವರು ಅನುಗ್ರಹಿಸಿದರೆ ಸಾಂತಿಯಾಗೊ ದಾರಿಗೋ ಧೈರ್ಯವಾಗಿ ಹೊರಡಬಹುದು. ಸಾಂತಿಯಾಗೊದಲ್ಲಿ ಪ್ರಮಾಣಪತ್ರ ಪಡೆಯಲು ಕನಿಷ್ಠ 100 ಕಿ.ಮೀ. ನಡೆದಿರಬೇಕು ಎಂಬ ನಿಯಮವಿದೆ. ಕುಸನೂರಿನಿಂದ ಕಮಲಾಪುರದವರೆಗೆ ನೆಟ್ಟಗೆ ನಡೆದು, ಮರುದಿನವೂ ಕಾಲು ನೆಲಕ್ಕೂರಲು ಹೆದರದವರಿಗೆ ಆ 100 ಕಿ.ಮೀ. ದೂರವೆನಿಸದು. ಡಿಸೆಂಬರ್ ಕೊನೆಗೆ ಹೊರಡುವ ಆಲೋಚನೆ ಇರುವ ಗುಂಪುಗಳು ಅಕ್ಟೋಬರ್ ಕೊನೆಯ ವಾರದಲ್ಲಿ ಮೊದಲ 40 ನಿಮಿಷದ ನಡಿಗೆ ಆರಂಭಿಸಲಿ. ಚೀಲ ಕೊಳ್ಳುವುದು ಆಮೇಲೆ.